ಎತ್ತರ ಅಳೆಯದ ಯಂತ್ರಕ್ಕೆ ಎತ್ತರದ ಹೊಣೆ

ಸೇಲಂ, ಧರ್ಮಪುರಿ ಜಿಲ್ಲೆಗಳ ಫ್ಯಾಬ್ರಿಕೇಶನ್ ಶೆಡ್ಡುಗಳಿಗೆ ಸಿಎನ್‌ಸಿ ಪ್ಲಾಸ್ಮಾ ಟೇಬಲ್ ಈಗ ಹೊಸದೇನಲ್ಲ. ಸಂಕಗಿರಿಯ ಲಾರಿಗಳಿಗೆ ಬೇಕಾದ ಬ್ರಾಕೆಟ್ಟು ಮತ್ತು ಗಸೆಟ್ ಪ್ಲೇಟು, ಆತ್ತೂರಿನ ಸುತ್ತಲ ಸಬ್ಬಕ್ಕಿ ಕಾರ್ಖಾನೆಗಳ ತೊಟ್ಟಿ, ಟ್ರಾಕ್ಟರ್ ಟ್ರೈಲರ್, ಮನೆಗೇಟಿನ ಹೂಬಳ್ಳಿ ಎಲ್ಲವನ್ನೂ ಹಿಂದೆ ಗ್ಯಾಸ್ ಕಟರ್ ಹಿಡಿದು, ಸೀಮೆಸುಣ್ಣದ ಗೆರೆ ನೋಡಿಕೊಂಡು ಕತ್ತರಿಸುತ್ತಿದ್ದರು. 1997ರವರೆಗೆ ಸೇಲಂ ಜಿಲ್ಲೆಯಲ್ಲೇ ಇದ್ದು ಈಗ ನಾಮಕ್ಕಲ್‌ಗೆ ಸೇರಿರುವ ತಿರುಚ್ಚೆಂಗೋಡಿನ ಬೋರ್‌ವೆಲ್ ರಿಗ್ಗುಗಳ ಕೆಲಸವೂ ಹಾಗೆಯೇ ನಡೆಯುತ್ತಿತ್ತು. ಇಂದು ಅದೇ ಕೆಲಸವನ್ನು ಕೊಯಮತ್ತೂರಿನಿಂದಲೋ ಬೆಂಗಳೂರಿನ ಪೀಣ್ಯದಿಂದಲೋ ಬಂದ ಟೇಬಲ್ಲಿಗೆ ಒಪ್ಪಿಸುವವರು ಹೆಚ್ಚುತ್ತಿದ್ದಾರೆ. ಟೇಬಲ್ಲಿನ ಜೊತೆಗೆ ಒಂದು ನಂಬಿಕೆಯೂ ಬರುತ್ತದೆ. ಕಟಿಂಗ್ ಚೆನ್ನಾಗಿ ಬರಬೇಕಾದರೆ ಟಾರ್ಚಿನ ಎತ್ತರವನ್ನು ತಾನಾಗಿ ಕಾಯುವ ಉಪಕರಣ, ಎಲ್ಲರ ಬಾಯಲ್ಲೂ ಟಿಎಚ್‌ಸಿ ಅಥವಾ ‘ಆಟೋ ಹೈಟ್’ ಆಗಿರುವುದು, ಒಳ್ಳೆಯದಿರಬೇಕು. ಒಳ್ಳೆಯದೆಂದರೆ ಬೇಗ ಸ್ಪಂದಿಸುವಂಥದ್ದು, ವೋಲ್ಟೇಜನ್ನು ಒಂದು ಅಂಕಿಯಷ್ಟು ಸೂಕ್ಷ್ಮವಾಗಿ ಹಿಡಿಯುವಂಥದ್ದು, ಹೆಸರಿರುವ ಕಂಪನಿಯದು. ಇದ್ದದ್ದರಲ್ಲಿ ಅಂಥದ್ದನ್ನು ತಂದು ಕೂರಿಸಿದರೆ ಮುಂದಿನ ಚಿಂತೆ ಇಲ್ಲ ಎನ್ನುವುದು ಈ ನಂಬಿಕೆಯ ಸಾರ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ತಪ್ಪು ಜಾಗದಲ್ಲಿ ಹಣ ಸುರಿಸುತ್ತದೆ.

ಮೊದಲು ಸತ್ಯದ ಅರ್ಧವನ್ನು ನೋಡೋಣ, ಏಕೆಂದರೆ ಹಾಗೆ ನಂಬುವವರು ಅನುಭವದಿಂದಲೇ ನಂಬುತ್ತಾರೆ. ಪ್ಲಾಸ್ಮಾ ಕಟಿಂಗಿನಲ್ಲಿ ನಾಝಲ್ಲಿನ ತುದಿಗೂ ಪ್ಲೇಟಿಗೂ ನಡುವಿನ ಅಂತರ ಬಹಳ ಕಡಿಮೆ. ಗಾಳಿಯನ್ನೇ ಅನಿಲವಾಗಿ ಬಳಸುವ ಸಣ್ಣ ಮತ್ತು ಮಧ್ಯಮ ಯಂತ್ರಗಳಲ್ಲಿ ಅದು 1.5 ಮಿ.ಮೀ.ಯಿಂದ 3 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಟಾರ್ಚ್ ಎತ್ತರವಾದರೆ ಸೀಳಿನ ಮೇಲ್ಭಾಗ ಅಗಲವಾಗಿ ಅಂಚು ಓರೆಯಾಗುತ್ತದೆ, ಮೇಲಂಚು ದುಂಡಗಾಗುತ್ತದೆ, ಮೇಲ್ಮೈ ಮೇಲೆ ಕಿಡಿಯ ಹನಿಗಳು ಅಂಟುತ್ತವೆ. ತಗ್ಗಾದರೆ ಓರೆ ತಿರುವುಮುರುವಾಗುತ್ತದೆ, ಕರಗಿದ ಲೋಹ ನಾಝಲ್ಲಿಗೆ ಸಿಡಿಯುತ್ತದೆ, ಕೆಲವೊಮ್ಮೆ ಆರ್ಕ್ ಇಲೆಕ್ಟ್ರೋಡಿನಿಂದ ನಾಝಲ್ಲಿಗೂ ಅಲ್ಲಿಂದ ಪ್ಲೇಟಿಗೂ ಎರಡಾಗಿ ಹಾರಿ ನಾಝಲ್ಲಿನ ತೂತನ್ನೇ ತಿಂದುಹಾಕುತ್ತದೆ. ಅರ್ಧ ಮಿ.ಮೀ. ಹೆಚ್ಚು ಕಡಿಮೆಯಾದರೂ ಪರಿಣಾಮ ಕಣ್ಣಿಗೆ ಬೀಳುತ್ತದೆ. ಪ್ಲೇಟು ಎಂದೂ ಸಮತಟ್ಟಾಗಿರುವುದಿಲ್ಲ ಎನ್ನುವುದೂ ನಿಜ. ಸೇಲಂ ಉಕ್ಕಿನ ಊರೆಂದು ಹೆಸರಾದರೂ ಅಲ್ಲಿನ ಸೇಲ್ ಸ್ಥಾವರದ ಹೆಸರು ಸ್ಟೇನ್‌ಲೆಸ್ಸಿಗೆ, ಮೇಚೇರಿ ಕಡೆಯ ಜೆಎಸ್‌ಡಬ್ಲ್ಯು ಸ್ಥಾವರದ ಹೆಸರು ಸರಳು ಮತ್ತು ವಿಶೇಷ ಉಕ್ಕಿಗೆ. ಈ ಶೆಡ್ಡುಗಳು ದಿನವೂ ಕತ್ತರಿಸುವ ಮೈಲ್ಡ್ ಸ್ಟೀಲ್ ಶೀಟು ಹೊರಗಿನಿಂದ ಬರಬೇಕು. ನಮ್ಮ ಬಳ್ಳಾರಿಯ ತೋರಣಗಲ್ಲಿನಂಥ ಕಡೆ ಬಿಸಿಯಾಗಿ ಉರುಳಿಸಿ ಸುರುಳಿ ಮಾಡಿದ್ದನ್ನು ಬಿಚ್ಚಿ, ರೋಲರ್‌ಗಳ ನಡುವೆ ನೆಟ್ಟಗೆ ಮಾಡಿ, ತುಂಡು ಹಾಕಿದ್ದು. ನೆಟ್ಟಗಾದ ಮೇಲೂ ಸುರುಳಿಯ ಒಳಬಿಗಿ ಶೀಟಿನೊಳಗೆ ಉಳಿದಿರುತ್ತದೆ. ಕತ್ತರಿಸುತ್ತ ಹೋದಂತೆ ಆ ಬಿಗಿ ಸಡಿಲಗೊಂಡು, ಕಾವೂ ಸೇರಿಕೊಂಡು, ಶೀಟು ಏಳುತ್ತದೆ. ಹೀಗಿರುವಾಗ ಎತ್ತರವನ್ನು ಯಂತ್ರವೇ ಕಾಯಬೇಕು ಎಂಬ ಅಪೇಕ್ಷೆ ಸಹಜ, ಸರಿ ಕೂಡ.

ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಎತ್ತರ ಮುಖ್ಯ, ಈ ಉಪಕರಣ ಎತ್ತರವನ್ನು ಅಳೆದು ಕಾಯುತ್ತದೆ, ಆದ್ದರಿಂದ ಹೆಚ್ಚು ಸೂಕ್ಷ್ಮವಾದ ಉಪಕರಣ ಎಂದರೆ ಹೆಚ್ಚು ಒಳ್ಳೆಯ ಕಟಿಂಗ್ ಎಂದು ತರ್ಕ ಓಡುತ್ತದೆ. ನಡುವಿನ ವಾಕ್ಯ ಸುಳ್ಳು. ಪ್ಲಾಸ್ಮಾ ಟಿಎಚ್‌ಸಿ ಎತ್ತರವನ್ನು ಅಳೆಯುವುದೇ ಇಲ್ಲ. ಅದು ಅಳೆಯುವುದು ಆರ್ಕಿನ ವೋಲ್ಟೇಜನ್ನು. ಪ್ಲಾಸ್ಮಾದ ಪವರ್ ಸೋರ್ಸು ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವಂತೆ ಮಾಡಿದ್ದು. ಆರ್ಕ್ ಉದ್ದವಾದರೆ ಅಷ್ಟೇ ಕರೆಂಟನ್ನು ದಾಟಿಸಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಗಿಡ್ಡವಾದರೆ ಕಡಿಮೆ ಸಾಕು. ಟಾರ್ಚ್ ಮೇಲೇರಿದರೆ ಆರ್ಕ್ ಉದ್ದವಾಗುತ್ತದೆ, ವೋಲ್ಟೇಜ್ ಏರುತ್ತದೆ. ಆದ್ದರಿಂದ ವೋಲ್ಟೇಜ್ ಏರಿದಾಗ ಟಾರ್ಚನ್ನು ಇಳಿಸು, ಇಳಿದಾಗ ಏರಿಸು ಎಂಬುದಷ್ಟೇ ಉಪಕರಣದ ಒಟ್ಟು ಬುದ್ಧಿ. ಕೆಲಸಗಾರರು ಬಳಸುವ ಲೆಕ್ಕದ ಪ್ರಕಾರ ಸುಮಾರು 5 ವೋಲ್ಟಿಗೆ ಅರ್ಧ ಮಿ.ಮೀ.; ಟಾರ್ಚ್, ಕರೆಂಟು, ಅನಿಲ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ, ಆದರೆ ಅಂದಾಜಿಗೆ ಸಾಕು. ಎತ್ತರ ಬದಲಾದರೆ ವೋಲ್ಟೇಜ್ ಬದಲಾಗುತ್ತದೆ ಎಂಬುದರಿಂದ ವೋಲ್ಟೇಜ್ ಬದಲಾದರೆ ಎತ್ತರವೇ ಬದಲಾಗಿದೆ ಎಂದು ಹೇಳಲಾಗದು. ಮೈ ಬಿಸಿಯಾದ ಕೂಡಲೇ ಮಲೇರಿಯಾ ಎಂದು ಮಾತ್ರೆ ಕೊಡುವ ವೈದ್ಯನ ಹಾಗೆ ಈ ಉಪಕರಣ. ಕೆಲವು ಸಲ ರೋಗಿ ಗುಣವಾಗುತ್ತಾನೆ, ಅದೇ ಅಪಾಯ. ವೋಲ್ಟೇಜ್ ಬದಲಾಗಲು ಎತ್ತರವಲ್ಲದೆ ಬೇರೆ ಕಾರಣಗಳು ಕನಿಷ್ಠ ನಾಲ್ಕಿವೆ.

1. ಇಲೆಕ್ಟ್ರೋಡ್ ಸವೆತ. ಗಾಳಿಯ ಪ್ಲಾಸ್ಮಾದ ತಾಮ್ರದ ಇಲೆಕ್ಟ್ರೋಡಿನ ತುದಿಯಲ್ಲಿ ಹ್ಯಾಫ್ನಿಯಂ ಎಂಬ ಲೋಹದ ಸಣ್ಣ ಚುಕ್ಕೆ ಇರುತ್ತದೆ. ಪ್ರತಿ ಸಲ ಆರ್ಕ್ ಹತ್ತಿ ಆರಿದಾಗಲೂ ಅದು ಒಂದಿಷ್ಟು ಸವೆದು ಗುಳಿ ಆಳವಾಗುತ್ತದೆ. ಆರ್ಕ್ ಹುಟ್ಟುವ ಜಾಗವೇ ಹಿಂದೆ ಸರಿಯುವುದರಿಂದ, ಟಾರ್ಚ್ ಇದ್ದಲ್ಲೇ ಇದ್ದರೂ ವೋಲ್ಟೇಜ್ ಏರುತ್ತದೆ.

2. ವೇಗ. ಯಂತ್ರ ಮೂಲೆ ತಿರುಗುವಾಗ ನಿಧಾನವಾಗುತ್ತದೆ. ನಿಧಾನವಾದರೆ ಸೀಳು ಅಗಲವಾಗುತ್ತದೆ, ಆರ್ಕ್ ದೂರದ ಗೋಡೆಯನ್ನು ಹುಡುಕಿಕೊಂಡು ಬಾಗುತ್ತದೆ, ವೋಲ್ಟೇಜ್ ಏರುತ್ತದೆ.

3. ಸೀಳು ದಾಟುವುದು. ಮೊದಲೇ ಕತ್ತರಿಸಿದ ಗೆರೆಯ ಮೇಲೆ ಟಾರ್ಚ್ ಹಾದಾಗ ಕೆಳಗೆ ಲೋಹವೇ ಇರುವುದಿಲ್ಲ. ಆ ಕ್ಷಣ ವೋಲ್ಟೇಜ್ ನೆಗೆಯುತ್ತದೆ.

4. ಗಾಳಿ ಮತ್ತು ನಾಝಲ್. ಅದೇ ಕಂಪ್ರೆಸರಿನಿಂದ ಪೇಂಟ್ ಗನ್ನಿಗೂ ಏರ್ ಗ್ರೈಂಡರಿಗೂ ಗಾಳಿ ಹೋಗುತ್ತಿದ್ದರೆ ಒತ್ತಡ ಕುಸಿದು ಏರುತ್ತಿರುತ್ತದೆ, ಅದರ ಜೊತೆಗೆ ಆರ್ಕಿನ ವೋಲ್ಟೇಜೂ. ಪಿ-80ರಂಥ ಟಾರ್ಚುಗಳಿಗೆ ಬಜಾರಿನಲ್ಲಿ ಸಿಗುವ ನಾಝಲ್ಲುಗಳ ತೂತು ಒಂದು ಪೊಟ್ಟಣದಿಂದ ಇನ್ನೊಂದು ಪೊಟ್ಟಣಕ್ಕೆ ಒಂದೇ ಅಳತೆಯಲ್ಲಿರುತ್ತದೆ ಎಂದು ನಂಬುವಂತಿಲ್ಲ.

ಮೊದಲನೆಯದನ್ನು ಲೆಕ್ಕ ಹಾಕಿ ನೋಡೋಣ. ಹೊಸ ಇಲೆಕ್ಟ್ರೋಡಿನಲ್ಲಿ 1.5 ಮಿ.ಮೀ. ಎತ್ತರಕ್ಕೆ 120 ವೋಲ್ಟ್ ಎಂದು ಇಟ್ಟುಕೊಂಡು ಆಪರೇಟರ್ ಆ ಅಂಕಿಯನ್ನು ಒತ್ತಿಟ್ಟ ಎನ್ನೋಣ. ಕೆಲವು ನೂರು ಪಿಯರ್ಸಿಂಗ್, ಎಂದರೆ ಕಟಿಂಗ್ ಶುರುಮಾಡಲು ಪ್ಲೇಟಿಗೆ ತೂತು ಹಾಕುವುದು, ಕಳೆದ ಮೇಲೆ ಸವೆತದಿಂದ ಅದೇ ಎತ್ತರದಲ್ಲಿ 128 ವೋಲ್ಟ್ ಬರುತ್ತಿದೆ. ಉಪಕರಣ ಏನು ಮಾಡುತ್ತದೆ? ಹೆಚ್ಚಾದ 8 ವೋಲ್ಟನ್ನು ಎತ್ತರದ ತಪ್ಪೆಂದು ತಿಳಿದು, ಅಂದಾಜು 0.8 ಮಿ.ಮೀ. ಕೆಳಗಿಳಿಸಿ 120ಕ್ಕೆ ತಂದು ನಿಲ್ಲಿಸುತ್ತದೆ. ಪರದೆಯ ಮೇಲೆ 120 ಎಂದು ಹಸಿರಾಗಿ ಹೊಳೆಯುತ್ತಿರುತ್ತದೆ, ಟಾರ್ಚ್ ಮಾತ್ರ 0.7 ಮಿ.ಮೀ.ಯಲ್ಲಿ ಪ್ಲೇಟನ್ನು ಸವರುತ್ತಿರುತ್ತದೆ. ಈಗ ಒಂದು ವೋಲ್ಟಿನ ಬದಲು ಅರ್ಧ ವೋಲ್ಟಿನ ನಿಖರತೆ ಇರುವ ದುಬಾರಿ ಉಪಕರಣವನ್ನು ಅಲ್ಲಿ ಕೂರಿಸಿದರೆ ಆಗುವುದೇನು? ಅದೇ ತಪ್ಪು ಎತ್ತರವನ್ನು ಇನ್ನೂ ನಿಷ್ಠೆಯಿಂದ ಕಾಯುತ್ತದೆ. ದೊಡ್ಡ ತಯಾರಕರ ಕೈಪಿಡಿಗಳೇ ಇಲೆಕ್ಟ್ರೋಡ್ ಸವೆದಂತೆ ಇಟ್ಟ ವೋಲ್ಟೇಜನ್ನು ಸ್ವಲ್ಪ ಸ್ವಲ್ಪ ಏರಿಸುತ್ತ ಹೋಗಿ ಎನ್ನುತ್ತವೆ. ಆ ಮಾತು ಪಾಲಕ್ಕೋಡಿನ ಶೆಡ್ಡಿನವರೆಗೆ ತಲುಪುವುದು ಕಷ್ಟ, ಏಕೆಂದರೆ ಯಂತ್ರ ಮಾರುವವನು ಹೇಳಿದ್ದು ‘ಒಮ್ಮೆ ಸೆಟ್ ಮಾಡಿ, ಆಮೇಲೆ ಮುಟ್ಟಬೇಡಿ’ ಎಂದು. ಜಾಲಿ ಗೇಟಿನ ಕೆಲಸ ಹೆಚ್ಚಿರುವ ಕಡೆ ಈ ಸವೆತ ಇನ್ನೂ ಬೇಗ. ಒಂದು ಹೂಬಳ್ಳಿಯಲ್ಲಿ ಎಷ್ಟು ಕಿಂಡಿಗಳೋ ಅಷ್ಟು ಪಿಯರ್ಸಿಂಗು.

ಇನ್ನು ಸ್ಪಂದನೆಯ ವೇಗ. ಮಾರಾಟದ ಕಾಗದಗಳಲ್ಲಿ ಎದ್ದು ಕಾಣುವ ಗುಣ ಇದು, ಕೊಳ್ಳುವವರನ್ನು ಸುಲಭವಾಗಿ ಒಲಿಸಿಕೊಳ್ಳುವ ಗುಣವೂ ಇದೇ. 6 ಮಿ.ಮೀ. ಪ್ಲೇಟನ್ನು ನಿಮಿಷಕ್ಕೆ 3 ಮೀಟರಿನಂತೆ, ಎಂದರೆ ಸೆಕೆಂಡಿಗೆ 50 ಮಿ.ಮೀ.ಯಂತೆ ಕತ್ತರಿಸುತ್ತಿದ್ದೇವೆ ಎನ್ನೋಣ. ಪ್ಲೇಟು 300 ಮಿ.ಮೀ. ಉದ್ದದಲ್ಲಿ 5 ಮಿ.ಮೀ. ಎದ್ದಿದೆ, ಇದು ಕಣ್ಣಿಗೆ ಹೊಡೆಯುವಷ್ಟು ಕೆಟ್ಟ ಉಬ್ಬು. ಆ 300 ಮಿ.ಮೀ. ದಾಟಲು 6 ಸೆಕೆಂಡು ಬೇಕು, ಆದ್ದರಿಂದ ಟಾರ್ಚ್ ಏರಬೇಕಾದ ವೇಗ ಸೆಕೆಂಡಿಗೆ 1 ಮಿ.ಮೀ.ಗಿಂತ ಕಡಿಮೆ. ಇನ್ನೂ ಕಠಿಣವಾದ ಸಂದರ್ಭ ತೆಗೆದುಕೊಳ್ಳಿ. 2 ಮಿ.ಮೀ. ಶೀಟು, ನಿಮಿಷಕ್ಕೆ 6 ಮೀಟರ್ ವೇಗ, 100 ಮಿ.ಮೀ.ಯಲ್ಲಿ 4 ಮಿ.ಮೀ. ಏರು. ಆಗಲೂ ಬೇಕಾದದ್ದು ಸೆಕೆಂಡಿಗೆ 4 ಮಿ.ಮೀ. ಮಾತ್ರ. ತೀರ ಸಾಧಾರಣ ಮೋಟರೂ ಸ್ಕ್ರೂವೂ ಇದನ್ನು ಮಾಡಬಲ್ಲವು. ಶೀಟಿನ ಉಬ್ಬುತಗ್ಗುಗಳನ್ನು ಹಿಂಬಾಲಿಸಲು ಮಿಂಚಿನ ವೇಗ ಬೇಕಿಲ್ಲ ಎಂದಾಯಿತು. ಮಿಂಚಿನ ವೇಗ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಹುಡುಕಿದರೆ ಸಿಗುವ ಉತ್ತರ ವಿಚಿತ್ರವಾಗಿದೆ. ಮೊದಲು ಹೇಳಿದ ಸೆಕೆಂಡಿಗೆ 50 ಮಿ.ಮೀ. ವೇಗದಲ್ಲಿ, 2 ಮಿ.ಮೀ. ಅಗಲದ ಹಳೆಯ ಸೀಳನ್ನು ಟಾರ್ಚ್ 0.04 ಸೆಕೆಂಡಿನಲ್ಲಿ ದಾಟುತ್ತದೆ. ವೋಲ್ಟೇಜ್ ನೆಗೆಯುತ್ತದೆ. ಸೆಕೆಂಡಿಗೆ 100 ಮಿ.ಮೀ. ಓಡುವ ಚುರುಕು ಉಪಕರಣ ಅಷ್ಟರಲ್ಲಿ 4 ಮಿ.ಮೀ. ಕೆಳಗೆ ಧುಮುಕಬಲ್ಲದು, ಇದ್ದ ಅಂತರವೇ 1.5 ಮಿ.ಮೀ.! ಸೆಕೆಂಡಿಗೆ 10 ಮಿ.ಮೀ. ಓಡುವ ಮಂದ ಉಪಕರಣ 0.4 ಮಿ.ಮೀ. ಇಳಿಯುವಷ್ಟರಲ್ಲಿ ಸೀಳು ದಾಟಿ ಆಗಿರುತ್ತದೆ. ಚುರುಕಿನ ಉಪಕರಣಕ್ಕೆ ಅಂಥ ನೆಗೆತವನ್ನು ಗುರುತಿಸಿ ಕೈಕಟ್ಟಿ ಕೂರುವ ಗುಣ ಇಲ್ಲದಿದ್ದರೆ ಅದರ ಚುರುಕೇ ನಾಝಲ್ಲಿಗೆ ಮೃತ್ಯು.

ಕೊಳ್ಳುವಾಗ ನೋಡಬೇಕಾದ ಮೊದಲ ಗುಣ ಇಲ್ಲಿಂದಲೇ ಹೊರಡುತ್ತದೆ, ಅದು ಜಾಹೀರಾತಿನ ಗುಣಕ್ಕೆ ನೇರ ವಿರುದ್ಧವಾದದ್ದು. ಉಪಕರಣ ಯಾವಾಗ ಕೆಲಸ ಮಾಡುತ್ತದೆ ಎಂಬುದಕ್ಕಿಂತ ಯಾವಾಗ ಸುಮ್ಮನಿರಬಲ್ಲದು ಎಂಬುದನ್ನು ಕೇಳಬೇಕು. ಮೂಲೆಯಲ್ಲಿ ವೇಗ ಇಳಿದ ಕೂಡಲೇ ಎತ್ತರವನ್ನು ಇದ್ದಲ್ಲೇ ಕಟ್ಟಿಹಾಕಬೇಕು. ಸಣ್ಣ ರಂಧ್ರಗಳಲ್ಲಿ ಪೂರ್ತಿ ಸುಮ್ಮನಿರಬೇಕು, ಏಕೆಂದರೆ ರಂಧ್ರವನ್ನು ನಿಧಾನವಾಗಿ ಕತ್ತರಿಸುತ್ತೇವೆ, ಅದು ಮುಗಿಯುವುದರೊಳಗೆ ಪ್ಲೇಟು ಏಳುವುದೂ ಇಲ್ಲ. ಪಿಯರ್ಸಿಂಗ್ ಆದ ಮೇಲೆ ಟಾರ್ಚ್ ತನ್ನ ಪೂರ್ಣ ವೇಗಕ್ಕೆ ಬಂದು ಸೀಳು ಸ್ಥಿರವಾಗುವವರೆಗೆ ಕಾಯಬೇಕು. ವೋಲ್ಟೇಜ್ ಹಠಾತ್ತನೆ ನೆಗೆದರೆ ಅದನ್ನು ನಂಬಬಾರದು. ಇವುಗಳಲ್ಲಿ ಮೊದಲ ಎರಡು ಕಡೆ ಸುಮ್ಮನಿರಬೇಕಾದರೆ ಟಿಎಚ್‌ಸಿಗೆ ಸಿಎನ್‌ಸಿ ಕಂಟ್ರೋಲರ್ ಹೇಳಬೇಕು: ಈಗ ಮೂಲೆ, ಈಗ ರಂಧ್ರ ಎಂದು. ಬಿಡಿಬಿಡಿಯಾಗಿ ಜೋಡಿಸಿದ ಟೇಬಲ್ಲುಗಳಲ್ಲಿ ಕಂಟ್ರೋಲರ್ ಒಬ್ಬರದು, ಟಿಎಚ್‌ಸಿ ಇನ್ನೊಬ್ಬರದು, ಪವರ್ ಸೋರ್ಸು ಮತ್ತೊಬ್ಬರದು. ಆ ಸಂದೇಶ ಒಯ್ಯುವ ನಡುವಿನ ಒಂದು ತಂತಿಯನ್ನು ಜೋಡಿಸದೆಯೇ ಯಂತ್ರ ಓಡುತ್ತದೆ. ನೇರ ಗೆರೆಯ ಡೆಮೋ ಕಟಿಂಗಿನಲ್ಲಿ ಅದರ ಕೊರತೆ ಕಾಣಿಸುವುದೇ ಇಲ್ಲ. ಯಾವ ಬೆಲೆಯ ಪೆಟ್ಟಿಗೆ ಎಂಬುದಕ್ಕಿಂತ ಆ ತಂತಿ ಇದೆಯೇ ಎಂಬುದು ದೊಡ್ಡ ಪ್ರಶ್ನೆ.

ಅದಕ್ಕಿಂತಲೂ ದೊಡ್ಡದೊಂದಿದೆ. ಎತ್ತರವನ್ನು ನಿಜವಾಗಿ ಅಳೆಯುವುದು ಕತ್ತರಿಸುವಾಗಲ್ಲ, ಕತ್ತರಿಸಲು ಶುರುಮಾಡುವ ಮುಂಚೆ. ಟಾರ್ಚ್ ಇಳಿದು ಪ್ಲೇಟನ್ನು ಮುಟ್ಟಿ, ಅಲ್ಲಿಂದ ಪಿಯರ್ಸಿಂಗ್ ಎತ್ತರಕ್ಕೆ ಏರಿ, ತೂತಾದ ಮೇಲೆ ಕಟಿಂಗ್ ಎತ್ತರಕ್ಕೆ ಇಳಿಯುತ್ತದೆ. ಪಿಯರ್ಸಿಂಗ್ ಎತ್ತರ ಸಾಮಾನ್ಯವಾಗಿ ಕಟಿಂಗ್ ಎತ್ತರದ ಒಂದೂವರೆಯಿಂದ ಮೂರು ಪಟ್ಟು. ಕಡಿಮೆಯಾದರೆ ತೂತಿನಿಂದ ಚಿಮ್ಮುವ ಕರಗಿದ ಲೋಹ ನೇರ ನಾಝಲ್ಲಿನ ಬಾಯಿಗೇ ಬರುತ್ತದೆ. ಈ ಮುಟ್ಟುವ ಕ್ರಿಯೆಗೆ ಎರಡು ದಾರಿಗಳಿವೆ. ಒಂದು, ಟಾರ್ಚಿನ ಲೋಹದ ಕ್ಯಾಪಿಗೆ ಸಣ್ಣ ವಿದ್ಯುತ್ತು ಕೊಟ್ಟು ಪ್ಲೇಟು ತಾಗಿದ ಕೂಡಲೇ ತಿಳಿಯುವುದು. ಇನ್ನೊಂದು, ಟಾರ್ಚ್ ಪ್ಲೇಟನ್ನು ಒತ್ತಿ, ತಾನು ಹಿಂದೆ ಸರಿದು ಸ್ವಿಚ್ಚನ್ನು ಅದುಮುವುದು. ಎರಡನೆಯದು ಅಗ್ಗ, ಗಟ್ಟಿಮುಟ್ಟು, ದಪ್ಪ ಪ್ಲೇಟಿನಲ್ಲಿ ತೊಂದರೆಯಿಲ್ಲ. ತೆಳು ಶೀಟಿನಲ್ಲಿ? ಶೀಟನ್ನು ಹೊರುವ ಟೇಬಲ್ಲಿನ ಎರಡು ಪಟ್ಟಿಗಳ ನಡುವೆ, ಆಧಾರವಿಲ್ಲದ ಕಡೆ ಟಾರ್ಚ್ ಒತ್ತಿದಾಗ ಸ್ವಿಚ್ಚು ಅದುಮುವಷ್ಟರಲ್ಲಿ ಶೀಟು 2 ಮಿ.ಮೀ. ಬಾಗಿತು ಎನ್ನೋಣ. ಯಂತ್ರ ಅದನ್ನೇ ಸೊನ್ನೆ ಎಂದು ತಿಳಿದು ಕಟಿಂಗ್ ಎತ್ತರವನ್ನು ಅಲ್ಲಿಂದ 1.5 ಮಿ.ಮೀ.ಗೆ ಹಿಡಿಯುತ್ತದೆ. ಒತ್ತಡ ತಪ್ಪಿದ ಶೀಟು ತನ್ನ ಜಾಗಕ್ಕೆ ಮರಳಲು ಹೊರಟು ನಾಝಲ್ಲಿಗೇ ಅಂಟಿಕೊಂಡು ನಿಲ್ಲುತ್ತದೆ. ಅಂತರ ಸೊನ್ನೆ! ಆಮೇಲೆ ಎಂಥ ಟಿಎಚ್‌ಸಿ ಬಂದು ಎತ್ತಿದರೂ ಮೊದಲ ಕ್ಷಣದ ಹಾನಿ ಆಗಿಹೋಗಿರುತ್ತದೆ. ಕಟಿಂಗ್ ಕೆಟ್ಟಾಗ ಜನ ಬೈಯುವುದು ವೋಲ್ಟೇಜ್ ಉಪಕರಣವನ್ನು, ಬದಲಾಯಿಸುವುದೂ ಅದನ್ನೇ. ಕಾರಣ ಮಾತ್ರ ಮುಟ್ಟುವ ಸ್ವಿಚ್ಚಿನಲ್ಲಿ ತಣ್ಣಗೆ ಕೂತಿರುತ್ತದೆ.

ಹಾಗಾದರೆ ವಿದ್ಯುತ್ತಿನಿಂದ ಮುಟ್ಟುವುದೇ ಸರಿ ಎನ್ನಬಹುದೇ? ಅದಕ್ಕೂ ಆಕ್ಷೇಪವಿದೆ, ಹಗುರಾದುದಲ್ಲ. ಪ್ಲೇಟಿನ ಮೇಲೆ ತುಕ್ಕು, ಗಿರಣಿಯ ಹೊಪ್ಪಳಿಕೆ (ಮಿಲ್ ಸ್ಕೇಲ್), ರೆಡ್ ಆಕ್ಸೈಡ್ ಬಣ್ಣ ಇದ್ದರೆ ವಿದ್ಯುತ್ತು ಹರಿಯುವುದಿಲ್ಲ, ಟಾರ್ಚ್ ತಾಗಿದ್ದು ತಿಳಿಯದೆ ಒತ್ತುತ್ತಲೇ ಹೋಗುತ್ತದೆ. ಬಯಲಲ್ಲಿ ಜೋಡಿಸಿಟ್ಟ ಪ್ಲೇಟುಗಳು ಅಕ್ಟೋಬರ್, ನವೆಂಬರಿನ ಹಿಂಗಾರು ಮಳೆ ಕಂಡ ಮೇಲೆ ತುಕ್ಕಿಲ್ಲದೆ ಇರುವುದು ಹೇಗೆ? ನೀರಿನ ಟೇಬಲ್ಲಾದರೆ ತೊಂದರೆ ತದ್ವಿರುದ್ಧ. ಕ್ಯಾಪಿನೊಳಗೆ ನೀರೋ ಕಿಡಿಯ ಚೂರೋ ಸೇರಿ, ತಾಗದೆಯೇ ತಾಗಿದ ಸುಳ್ಳು ಸಂಕೇತ ಹೊರಡುತ್ತದೆ. ಅದಕ್ಕೇ ಎರಡೂ ದಾರಿಗಳಿರುವ ಟಾರ್ಚ್ ಹಿಡಿಕೆ ಬೇಕು, ಮೊದಲು ವಿದ್ಯುತ್ತು, ಅದು ಸೋತರೆ ಸ್ವಿಚ್ಚು. ಈ ಎರಡರ ಜೊತೆಗೆ ಕತ್ತರಿಸಿದ ತುಂಡು ಮೇಲೆದ್ದು ಟಾರ್ಚಿಗೆ ಬಡಿದರೆ ಕಳಚಿಕೊಳ್ಳುವ ಮ್ಯಾಗ್ನೆಟ್ ಹಿಡಿಕೆ ಇದ್ದರೆ ಇನ್ನೂ ಒಳ್ಳೆಯದು. ಓರೆಯಾಗಿ ಎದ್ದು ನಿಂತ ತುಂಡಿನಿಂದ ಟಾರ್ಚನ್ನು ಉಳಿಸಬಲ್ಲ ವೋಲ್ಟೇಜ್ ಉಪಕರಣ ಲೋಕದಲ್ಲಿ ಇಲ್ಲ.

ಈ ಗೊಂದಲಕ್ಕೆ ಒಂದು ಮೂಲ ಲೇಸರ್ ಇರಬೇಕೆಂದು ನನ್ನ ಊಹೆ. ಹೊಸೂರು, ಬೆಂಗಳೂರು ಕಡೆ ಫೈಬರ್ ಲೇಸರ್ ನೋಡಿ ಬಂದವರಿಗೆ ಅದರ ತಲೆ ಶೀಟಿನ ಮೇಲೆ ಒಂದೇ ಅಂತರದಲ್ಲಿ ತೇಲುವುದು ಕಂಡಿರುತ್ತದೆ. ಅಲ್ಲಿ ನಾಝಲ್ಲಿಗೂ ಶೀಟಿಗೂ ನಡುವಿನ ವಿದ್ಯುತ್ ಧಾರಕತೆಯನ್ನೇ, ಎಂದರೆ ಕೆಪಾಸಿಟೆನ್ಸನ್ನೇ, ಅಳೆಯುತ್ತಾರೆ. ಅದು ಬಹುಮಟ್ಟಿಗೆ ಅಂತರವನ್ನೇ ಅವಲಂಬಿಸಿದ ಅಳತೆ. ಗ್ಯಾಸ್ ಕಟಿಂಗ್ ಯಂತ್ರಗಳ ಟಾರ್ಚಿನ ಸುತ್ತಲ ಸೆನ್ಸರ್ ಉಂಗುರವೂ ಅದೇ ತತ್ವದ್ದು. ಪ್ಲಾಸ್ಮಾದಲ್ಲಿ ಉರಿಯುವ ಆರ್ಕ್, ವಿದ್ಯುದೀಕೃತ ಅನಿಲ, ಸಿಡಿಯುವ ಲೋಹ, ಕೆಲವು ಕಡೆ ನೀರು, ಇವೆಲ್ಲ ಸೇರಿ ಆ ಅಳತೆಯನ್ನು ಕೆಡಿಸುತ್ತವೆ. ಅಂಚಿನ ಬಳಿ, ಈಗಾಗಲೇ ತುಂಡು ಬಿದ್ದುಹೋದ ಖಾಲಿ ಜಾಗದ ಬಳಿ ಉಂಗುರ ದಾರಿ ತಪ್ಪುತ್ತದೆ. ಆದ್ದರಿಂದಲೇ ಪ್ಲಾಸ್ಮಾದವರು ವೋಲ್ಟೇಜಿಗೆ ಅಂಟಿಕೊಂಡದ್ದು. ಎರಡಕ್ಕೂ ‘ಆಟೋ ಹೈಟ್’ ಎಂಬ ಒಂದೇ ಹೆಸರಿರುವುದರಿಂದ ಲೇಸರಿನಿಂದ ನಿರೀಕ್ಷಿಸುವುದನ್ನು ಇದರಿಂದಲೂ ನಿರೀಕ್ಷಿಸುತ್ತಾರೆ.

ಈಗ ಎದುರು ಪಕ್ಷ. ಹಳೆಯ ಕೈಗಳಲ್ಲಿ ಇನ್ನೊಂದು ನಂಬಿಕೆ ಇದೆ: ಟಿಎಚ್‌ಸಿಯೇ ಬೇಡ, ಟೇಬಲ್ ಮಟ್ಟವಾಗಿರಲಿ, ಆಪರೇಟರ್ ಬಟನ್ನಿನ ಮೇಲೆ ಕೈಯಿಟ್ಟುಕೊಂಡು ಕಣ್ಣು ನೆಟ್ಟಿರಲಿ, ಸಾಕು. ಇದನ್ನು ಹಿಂದುಳಿದವರ ಮಾತೆಂದು ತಳ್ಳಿಹಾಕುವುದು ಅನ್ಯಾಯ. 16 ಅಥವಾ 20 ಮಿ.ಮೀ. ದಪ್ಪದ ಪ್ಲೇಟಿನಲ್ಲಿ ಸಣ್ಣ ತುಂಡುಗಳನ್ನು ಕತ್ತರಿಸುವ ಶೆಡ್ಡಿನಲ್ಲಿ ಈ ಮಾತು ಬಹುಪಾಲು ಸರಿ. ದಪ್ಪ ಪ್ಲೇಟು ಕಾವಿಗೆ ಅಷ್ಟು ಸುಲಭವಾಗಿ ಏಳುವುದಿಲ್ಲ. ಪ್ರತಿ ತುಂಡಿಗೂ ಮುಂಚೆ ಮುಟ್ಟಿ ಅಳೆದರೆ, ಆ ತುಂಡಿನ ಉದ್ದಕ್ಕೆ ಸ್ಥಿರ ಎತ್ತರವೇ ಸಾಕಾಗುತ್ತದೆ. ರಿಗ್ಗಿನ ಬೇಸ್ ಪ್ಲೇಟು ಮಾತ್ರ ಮಾಡುವವರು ಮುಟ್ಟುವ ವ್ಯವಸ್ಥೆಗೆ ಹಣ ಹಾಕಿ ವೋಲ್ಟೇಜ್ ನಿಯಂತ್ರಣವನ್ನು ಆಫ್ ಮಾಡಿಟ್ಟರೆ ನಷ್ಟವಿಲ್ಲ. ಅದೇ ತರ್ಕವನ್ನು 2 ಮಿ.ಮೀ. ಶೀಟಿನ ಎರಡು ಮೀಟರ್ ಉದ್ದದ ಪಟ್ಟಿಗೆ ಒಯ್ದರೆ ಮುರಿದುಬೀಳುತ್ತದೆ. ಅಲ್ಲಿ ಶೀಟು ಕತ್ತರಿಸುವಾಗಲೇ ಏಳುತ್ತದೆ. ಮುಖವಾಡದ ಕಪ್ಪು ಗಾಜಿನ ಹಿಂದಿನಿಂದ ಅರ್ಧ ಮಿ.ಮೀ. ವ್ಯತ್ಯಾಸವನ್ನು ಗುರುತಿಸಿ ಬಟನ್ ಒತ್ತುವ ಆಪರೇಟರ್ ಒಬ್ಬ ಇರಬಹುದು, ಆದರೆ ಎಂಟು ಗಂಟೆಯ ಪಾಳಿಯುದ್ದಕ್ಕೂ ಅವನು ಹಾಗೆ ಇರಲಾರ. ದಪ್ಪದಲ್ಲಿ ಗೆದ್ದ ಅನುಭವವನ್ನು ತೆಳುವಿಗೆ ಅನ್ವಯಿಸುವುದು ಎಷ್ಟು ತಪ್ಪೋ, ಡೆಮೋದಲ್ಲಿ ತೆಳು ಶೀಟು ನೋಡಿ ದಪ್ಪದವನು ದುಬಾರಿ ಉಪಕರಣ ಕೊಳ್ಳುವುದೂ ಅಷ್ಟೇ ತಪ್ಪು.

ಇಷ್ಟೆಲ್ಲ ಹೇಳಿದ ಮೇಲೆ ಆರಿಸುವುದು ಹೇಗೆ ಎಂಬ ಪ್ರಶ್ನೆಗೆ ಬರಬೇಕು. ತೆಳುವಿನಿಂದ 12 ಮಿ.ಮೀ.ವರೆಗೆ ಬಂದ ಕೆಲಸವನ್ನೆಲ್ಲ ಹಿಡಿಯುವ, ಬಜಾರಿನ ನಾಝಲ್ಲುಗಳನ್ನೇ ನಂಬಿಕೊಂಡ ಜಾಬ್ ವರ್ಕ್ ಶೆಡ್ಡಿಗೆ ನಾನು ಸೂಚಿಸುವುದು ಪ್ರತಿ ಕಟಿಂಗಿನ ಆರಂಭದಲ್ಲಿ ವೋಲ್ಟೇಜನ್ನು ತಾನೇ ಕಲಿತುಕೊಳ್ಳುವ ಉಪಕರಣವನ್ನು. ಇದರ ಕ್ರಮ ಸರಳ. ಮುಟ್ಟಿ ಅಳೆದು ಕಟಿಂಗ್ ಎತ್ತರದಲ್ಲಿ ನಿಂತ ಮೇಲೆ, ಸೀಳು ಸ್ಥಿರವಾದ ಕ್ಷಣದಲ್ಲಿ ಎಷ್ಟು ವೋಲ್ಟೇಜ್ ಇದೆಯೋ ಅದನ್ನೇ ಆ ತುಂಡಿನ ಗುರಿಯಾಗಿ ಇಟ್ಟುಕೊಂಡು ಮುಂದೆ ಅದನ್ನು ಕಾಯುತ್ತದೆ. ಇಲೆಕ್ಟ್ರೋಡ್ ಸವೆದು 128 ಆಗಿದ್ದರೆ ಗುರಿಯೇ 128. ನಾಝಲ್ಲಿನ ತೂತು ದೊಡ್ಡದಿದ್ದರೆ ಅದಕ್ಕೆ ತಕ್ಕ ಅಂಕಿ. ಮೇಲೆ ಹೇಳಿದ ಕಾರಣಗಳಲ್ಲಿ ಮೊದಲನೆಯದೂ ನಾಲ್ಕನೆಯದರ ಅರ್ಧವೂ ಇಲ್ಲಿಗೆ ತೊಲಗುತ್ತವೆ. ಪುಸ್ತಕದ ಅಂಕಿ ಕೈಯಿಂದ ಒತ್ತುವ ಕ್ರಮ ಸರಿಹೋಗುವುದು ತಯಾರಕರ ಅಸಲಿ ನಾಝಲ್, ತಯಾರಕರ ಕಟಿಂಗ್ ಪಟ್ಟಿ, ಒಣಗಿದ ಸ್ಥಿರ ಗಾಳಿ ಮೂರೂ ಇರುವವರಿಗೆ. ಅವರಿಗೆ ಅದು ಬಹಳ ಚೆನ್ನಾಗಿಯೇ ಸರಿಹೋಗುತ್ತದೆ. ನಕಲು ಭಾಗ ಹಾಕಿಕೊಂಡು ಅಸಲಿ ಪಟ್ಟಿಯ ಅಂಕಿ ಒತ್ತುವುದಕ್ಕೆ ಅರ್ಥವಿಲ್ಲ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದೇ. ಆರಂಭದಲ್ಲಿ ಮುಟ್ಟಿ ಅಳೆದದ್ದೇ ತಪ್ಪಾದರೆ? ಆಗ ಉಪಕರಣ ತಪ್ಪು ಎತ್ತರದ ವೋಲ್ಟೇಜನ್ನೇ ಕಲಿತು, ಇಡೀ ತುಂಡಿನುದ್ದಕ್ಕೂ ಆ ತಪ್ಪನ್ನು ಕಾಯುತ್ತದೆ. ಕೈಯಿಂದ ಒತ್ತಿದ ಅಂಕಿಯಾಗಿದ್ದರೆ ಆರಂಭದ ತಪ್ಪನ್ನು ಸ್ವಲ್ಪ ದೂರ ಹೋದ ಮೇಲಾದರೂ ತಿದ್ದುತ್ತಿತ್ತು. ಮಾತು ನಿಜ. ಆದರೂ ನಾನು ಕಲಿಯುವ ಉಪಕರಣದ ಕಡೆಗೇ ವಾಲುವುದು ತಪ್ಪು ಎಲ್ಲಿ ಕೂತಿರುತ್ತದೆ ಎಂಬ ಲೆಕ್ಕದಿಂದ. ಕೈಯಿಂದ ಒತ್ತಿದ ಕ್ರಮದಲ್ಲಿ ತಪ್ಪು ಸವೆತದ ಜೊತೆ ದಿನದಿನಕ್ಕೆ ಬೆಳೆಯುತ್ತದೆ, ಪರದೆಯ ಮೇಲೆ ಸರಿಯಾದ ಅಂಕಿಯ ವೇಷದಲ್ಲಿರುತ್ತದೆ, ಯಾರಿಗೂ ಕಾಣುವುದಿಲ್ಲ. ಕಲಿಯುವ ಕ್ರಮದಲ್ಲಿ ಮುಖ್ಯ ತಪ್ಪು ಮುಟ್ಟುವ ಕ್ರಿಯೆಯಲ್ಲಿರುತ್ತದೆ, ಅದನ್ನು ಆರ್ಕ್ ಹೊತ್ತಿಸದೆಯೇ ಪರೀಕ್ಷಿಸಬಹುದು: ಟಾರ್ಚನ್ನು ಮುಟ್ಟಿಸಿ ಕಟಿಂಗ್ ಎತ್ತರಕ್ಕೆ ಎತ್ತಿಸಿ, ಪವರ್ ಆಫ್ ಮಾಡಿ, 1.5 ಮಿ.ಮೀ. ಶೀಟಿನ ಚೂರೊಂದನ್ನು ನಾಝಲ್ಲಿನ ಕೆಳಗೆ ತೂರಿಸಿ ನೋಡಿದರೆ ಸಾಕು. ಬಿಗಿಯಾಗಿ ಹೋದರೆ ಸರಿ, ಹೋಗದಿದ್ದರೆ ಅಥವಾ ಅಲ್ಲಾಡಿದರೆ ಸ್ವಿಚ್ಚು ನೋಡಬೇಕು. ಕಾಣುವ ತಪ್ಪನ್ನು ತಿದ್ದುವುದು ಕಾಣದ ತಪ್ಪನ್ನು ಊಹಿಸುವುದಕ್ಕಿಂತ ಅಗ್ಗ. ಒಂದು ಮಿತಿಯನ್ನು ಮಾತ್ರ ಒಪ್ಪಬೇಕು. ಗೇಟಿನ ಜಾಲಿಯಂಥ ಕೆಲಸದಲ್ಲಿ ಒಂದೊಂದು ಗೆರೆಯೂ ಎಷ್ಟು ಚಿಕ್ಕದೆಂದರೆ ಕಲಿಯುವಷ್ಟರಲ್ಲಿ ಮುಗಿದಿರುತ್ತದೆ. ಅಲ್ಲಿ ಎರಡೂ ಬಗೆಯ ಉಪಕರಣಗಳು ನಿಷ್ಪ್ರಯೋಜಕ; ಮುಟ್ಟುವ ವ್ಯವಸ್ಥೆಯೊಂದೇ ಗತಿ.

ಇನ್ನೊಂದು ಆಕ್ಷೇಪ ಹಣದ್ದು. ಟೇಬಲ್ಲಿನ ಪಟ್ಟಿಗಳನ್ನು ಬದಲಿಸು, ಗಾಳಿಗೆ ಡ್ರೈಯರ್ ಹಾಕು, ಪ್ಲಾಸ್ಮಾಕ್ಕೆ ಬೇರೆ ಕಂಪ್ರೆಸರ್ ಇಡು, ಎರಡು ಬಗೆಯ ಮುಟ್ಟುವ ವ್ಯವಸ್ಥೆ ಕೂರಿಸು ಎನ್ನುತ್ತ ಹೋದರೆ ಒಟ್ಟು ಖರ್ಚು ಆ ದುಬಾರಿ ಟಿಎಚ್‌ಸಿಗಿಂತ ಹೆಚ್ಚಾಗುವುದಿಲ್ಲವೇ ಎಂದು. ಆಗಬಹುದು. ಆದರೆ ಪಟ್ಟಿಗಳು ಅದೇ ಟೇಬಲ್ಲಿನಲ್ಲಿ ಕತ್ತರಿಸಿಕೊಳ್ಳಬಹುದಾದ ವಸ್ತು. ಕಿಟ್ಟ ಕಟ್ಟಿ ಎತ್ತರ ತಗ್ಗಾದ ಹಳೆಯ ಪಟ್ಟಿಗಳನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವುದಕ್ಕೆ ಜಿಪುಣತನವೂ ಕಾರಣವಲ್ಲ, ಬರೀ ಉದಾಸೀನ. ಒಣಗಿದ ಗಾಳಿಯ ಖರ್ಚು ಇಲೆಕ್ಟ್ರೋಡಿನ ಆಯುಷ್ಯದಲ್ಲಿ ಮರಳುತ್ತದೆ, ತೇವ ಮತ್ತು ಎಣ್ಣೆ ಎರಡೂ ಹ್ಯಾಫ್ನಿಯಂ ಚುಕ್ಕೆಯನ್ನು ಬೇಗ ತಿನ್ನುವುದರಿಂದ. ನಿಜವಾದ ಅಡ್ಡಿ ಲೆಕ್ಕ ಬರೆಯುವ ರೀತಿಯಲ್ಲಿದೆ. ಜಾಬ್ ವರ್ಕಿನವರು ಕಟಿಂಗ್ ದರವನ್ನು ಮೀಟರಿಗೋ ಕಿಲೋಗೋ ಹಿಡಿಯುತ್ತಾರೆ, ನಾಝಲ್ ಖರ್ಚನ್ನು ಪ್ಲಾಸ್ಮಾದ ಲೆಕ್ಕಕ್ಕೆ ಬರೆಯುತ್ತಾರೆ, ಆದರೆ ಓರೆ ತಿದ್ದಲು, ಕಿಟ್ಟ ತೆಗೆಯಲು ಗ್ರೈಂಡರ್ ಹಿಡಿದು ಕೂತವನ ಕೂಲಿಯನ್ನು ಫಿನಿಶಿಂಗ್ ಲೆಕ್ಕಕ್ಕೆ ಹಾಕುತ್ತಾರೆ. ತಗ್ಗಿ ಓಡಿದ ಟಾರ್ಚಿನ ದಂಡವನ್ನು ಕೊನೆಗೆ ಕಟ್ಟುವುದು ಗ್ರೈಂಡಿಂಗಿನ ಮೂಲೆ. ಆ ಕೂಲಿಯ ಎಷ್ಟು ಪಾಲು ವೆಲ್ಡಿಂಗ್ ತಯಾರಿಗೆ ಹೇಗೂ ಬೇಕಿತ್ತು, ಎಷ್ಟು ಪಾಲು ಎತ್ತರ ತಪ್ಪಿದ್ದರಿಂದ ಬಂದದ್ದು ಎಂದು ಒಂದು ತಿಂಗಳು ಬೇರೆ ಬೇರೆ ಬರೆದಿಟ್ಟು, ಜೊತೆಗೆ ಪ್ರತಿ ಇಲೆಕ್ಟ್ರೋಡ್ ಎಷ್ಟು ಪಿಯರ್ಸಿಂಗ್ ತಾಳಿತೆಂದು ಗುರುತು ಹಾಕಿಟ್ಟವರು ಯಾವ ಪೆಟ್ಟಿಗೆ ಕೊಳ್ಳಬೇಕು ಎಂದು ಮಾರುವವನನ್ನು ಕೇಳಬೇಕಾಗುವುದಿಲ್ಲ.